ಹಾಡು ಬರೆದವರ ಹೆಸರಿಗೂ ಒಂದು ಕಾಲಂ ಇಡಿ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳಿಗೆ, ಹಾಗೂ ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಇನ್ನೂ ಎಸೆಯದೆ ಇಟ್ಟುಕೊಂಡಿರುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಕನ್ನಡದಲ್ಲಿ ಧ್ವನಿಮುದ್ರಣವಾದ ಹಾಡುಗಳ ಒಂದು ಪೂರ್ತಿ ಪಟ್ಟಿ ಮಾಡಿಸಿ. ನಾಟಕದ ಹಾಡು, ಸಿನಿಮಾ ಹಾಡು, ದೇವರನಾಮ, ಭಾವಗೀತೆ, ಎಲ್ಲವೂ ಅದರಲ್ಲಿ ಬರಲಿ. ಹಾಡಿದವರು, ಸಂಗೀತ ಮಾಡಿದವರು, ಕಂಪನಿ, ತಟ್ಟೆಯ ಸಂಖ್ಯೆ ಇವುಗಳ ಜೊತೆಗೆ ಹಾಡು ಬರೆದವರ ಹೆಸರಿಗೂ ಒಂದು ಕಾಲಂ ಇಡಿ. ನಾನು ಕೇಳುತ್ತಿರುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ, ಯಾಕೆ ಈಗಲೇ ಆಗಬೇಕು ಎನ್ನುವುದನ್ನು ಹೇಳಲು ಈ ಪತ್ರ.

ಪ್ರತಿ ವರ್ಷ ಮಾರ್ಚ್ 3 ಬಂದಾಗ ಕನ್ನಡ ಸಿನಿಮಾದ ಹುಟ್ಟುಹಬ್ಬ ಅಂತ ನೆನೆಯುತ್ತೇವೆ. 1934ರಲ್ಲಿ ಅದೇ ದಿನ ಕನ್ನಡದ ಮೊದಲ ಮಾತಾಡುವ ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆಗೆ ಬಂತು. ನಿರ್ದೇಶಕ ವೈ.ವಿ. ರಾವ್ ಅವರ ಹೆಸರು ಹೇಳುತ್ತೇವೆ. ಹಣ ಹಾಕಿದ ಚಮನ್‌ಲಾಲ್ ಡುಂಗಾಜಿ ಅವರನ್ನು ನೆನೆಯುತ್ತೇವೆ. ಇಂದ್ರಜಿತು ಆದ ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾಯರು, ಸುಲೋಚನೆಯಾದ ತ್ರಿಪುರಾಂಬ ಎಲ್ಲರ ಫೋಟೋ ಹಾಕುತ್ತೇವೆ. ಕೊಲ್ಲಾಪುರದ ಸ್ಟುಡಿಯೋದಲ್ಲಿ ಶೂಟಿಂಗ್ ಆದ ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇವೆ. ಆದರೆ ಆ ಮಾತಾಡುವ ಚಿತ್ರಕ್ಕೆ ಮಾತು ಕೊಟ್ಟವರು, ಅದರ ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಕನ್ನಡ ಸಿನಿಮಾದ ಮೊದಲ ಗೀತರಚನೆಕಾರರು. ಅವರ ಹೆಸರು ಸಾಮಾನ್ಯವಾಗಿ ಪಟ್ಟಿಯ ಕೊನೆಯಲ್ಲಿ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ.

ಶಾಸ್ತ್ರಿಗಳು ಹುಟ್ಟಿದ್ದು 1882ರಲ್ಲಿ, ತೀರಿಕೊಂಡಿದ್ದು 1961ರಲ್ಲಿ. ತುಮಕೂರು ಸೀಮೆಯವರು. ಪಕ್ಕದ ಗುಬ್ಬಿಯಲ್ಲೇ 1884ರಲ್ಲಿ ಶುರುವಾದ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಗೆ ಬಂದು ಇಡೀ ದಕ್ಷಿಣ ಭಾರತದಲ್ಲಿ ಹೆಸರು ಮಾಡಿತು. ಆ ಕಂಪನಿ ಆಡಿದ 'ಸದಾರಮೆ', 'ಕೃಷ್ಣಲೀಲೆ' ನಾಟಕಗಳು ಬೆಳ್ಳಾವೆಯವರವು. ಸದಾರಮೆಯ ಕಳ್ಳನ ಪಾತ್ರ ಅಂದರೆ ಸಾಕು, ಹಳಬರಿಗೆ ವೀರಣ್ಣನವರ ನೆನಪು ಉಕ್ಕಿ ಬರುತ್ತದೆ. ಅದು ಸರಿಯೇ, ಬರಲೇಬೇಕು. ಆದರೆ ಆ ಕಳ್ಳನ ಬಾಯಿಗೆ ಮಾತು ಹಾಕಿದವರೂ ಒಬ್ಬರಿದ್ದರು ಅಲ್ವಾ? 1935ರಲ್ಲಿ 'ಸದಾರಮೆ' ಸಿನಿಮಾ ಕೂಡ ಆಯಿತು. ಕೆ. ಅಶ್ವತ್ಥಮ್ಮನವರು ಅದರಲ್ಲಿ ಹಾಡಿ ನಟಿಸಿದರು. 1947ರಲ್ಲಿ 'ಕೃಷ್ಣಲೀಲಾ' ಕೂಡ ತೆರೆಗೆ ಬಂತು. ಅಂದರೆ ರಂಗಭೂಮಿಯ ಹಾಡು ತಟ್ಟೆಗೆ ಬಂದು, ಸಿನಿಮಾಕ್ಕೆ ಹೋಗಿ, ಅಲ್ಲಿಂದ ಮನೆಮನೆಯ ಭಜನೆಗೂ ಮದುವೆ ಮನೆಗೂ ಹೋದ ಕಾಲದ ನಟ್ಟನಡುವೆ ನಿಂತವರು ಇವರು.

ಈಗ ಅವರ ಕೆಲಸವನ್ನು ಕೇಳಬೇಕು ಅಂದರೆ ಎಲ್ಲಿಗೆ ಹೋಗಬೇಕು? 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದಲ್ಲಿ ಹಿನ್ನೆಲೆ ಗಾಯನ ಇರಲಿಲ್ಲ. ನಟರು ಕ್ಯಾಮೆರಾ ಮುಂದೆ ನಿಂತು ಹಾಡುತ್ತಿದ್ದರು, ಪಕ್ಕದಲ್ಲೇ ವಾದ್ಯದವರು ನುಡಿಸುತ್ತಿದ್ದರು, ಚಿತ್ರ ಮತ್ತು ಧ್ವನಿ ಒಟ್ಟಿಗೆ ಮುದ್ರಣವಾಗುತ್ತಿದ್ದವು. ಹಾಗಾಗಿ ಫಿಲ್ಮು ಹೋದರೆ ಹಾಡೂ ಹೋಯಿತು. ಉಳಿಯುವ ದಾರಿ ಎರಡೇ. ಒಂದು, ಗ್ರಾಮಫೋನ್ ತಟ್ಟೆ. ಇನ್ನೊಂದು, ಥಿಯೇಟರಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ತಟ್ಟೆಯಲ್ಲಿ ಧ್ವನಿ ಇದೆ, ಬಹಳ ಸಲ ಬರೆದವರ ಹೆಸರಿಲ್ಲ. ಪುಸ್ತಕದಲ್ಲಿ ಹೆಸರಿದೆ, ಧ್ವನಿ ಇಲ್ಲ. ಇವೆರಡನ್ನೂ ಒಂದು ಕಡೆ ಇಟ್ಟು ತಾಳೆ ನೋಡುವ ಕೆಲಸ ಕನ್ನಡದಲ್ಲಿ ಒಂದು ಸಂಸ್ಥೆಯ ಜವಾಬ್ದಾರಿಯಾಗಿ ನಡೆಯಬೇಕು.

ನಮ್ಮ ಹಳೇ ಕವಿಗಳಿಗೆ ಈ ತೊಂದರೆ ಇರಲಿಲ್ಲ. ಬಸವಣ್ಣನವರ ವಚನವನ್ನು ಯಾರೇ ಹಾಡಲಿ, ಕೂಡಲಸಂಗಮದೇವ ಅಂತ ಬಂದೇ ಬರುತ್ತದೆ. ಪುರಂದರದಾಸರ ಪದವನ್ನು ಯಾವ ರಾಗದಲ್ಲಿ ಬೇಕಾದರೂ ಹಾಡಿ, ಕೊನೆಗೆ ಪುರಂದರ ವಿಠಲ ಅಂದೇ ಮುಗಿಸಬೇಕು. ಅಂಕಿತ ಹಾಡಿನ ಒಳಗೇ ಕೂತಿದೆ. ಲೇಬಲ್ ಹರಿದರೂ, ಪುಸ್ತಕ ಗೆದ್ದಲು ಹಿಡಿದರೂ, ಬರೆದವರ ಹೆಸರು ಹಾಡಿನ ಜೊತೆಗೇ ಬರುತ್ತದೆ. ಕಂಪನಿ ನಾಟಕಕ್ಕೆ, ಸಿನಿಮಾಕ್ಕೆ ಬರೆದವರಿಗೆ ಆ ಅವಕಾಶ ಇರಲಿಲ್ಲ. ಸುಲೋಚನೆ ಅಳುವಾಗ ಅವಳ ಹಾಡಿನ ಕೊನೆಯಲ್ಲಿ ಕವಿ ತನ್ನ ಹೆಸರು ಹೇಗೆ ತರಬೇಕು? ಪಾತ್ರದ ಮಾತಿನಲ್ಲಿ ಬರೆದವರು ಪೂರ್ತಿ ಮರೆಯಾಗಲೇಬೇಕು. ಆ ಕೆಲಸದ ಸ್ವಭಾವವೇ ಅದು. ಅದಕ್ಕಾಗಿಯೇ ಅವರ ಹೆಸರನ್ನು ಹೊರಗಡೆ ಬರೆದಿಡುವ ಹೊಣೆ ಬೇರೆಯವರ ಮೇಲೆ ಜಾಸ್ತಿ ಇತ್ತು. ಅದು ಆಗಲಿಲ್ಲ.

ಹಾಡುವವರಿಗಾದರೆ ಇನ್ನೊಂದು ದಾರಿ ಇತ್ತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ನಮ್ಮ ದೇಶದ ಹಾಡುಗಾರರನ್ನು ಮುದ್ರಿಸಿಕೊಂಡರು. ಆಗ ಗೌಹರ್ ಜಾನ್ ಹಾಡು ಮುಗಿಸಿ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಗಟ್ಟಿಯಾಗಿ ಹೇಳುತ್ತಿದ್ದರು. ಮೂಲ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಲೇಬಲ್ ಅಂಟಿಸುವವರಿಗೆ ಯಾರ ಹಾಡು ಅಂತ ಗೊತ್ತಾಗಲಿ ಎಂದು ಹಾಗೆ ಹೇಳಿಸುತ್ತಿದ್ದರು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಧ್ವನಿ ಇವತ್ತಿಗೂ ತನ್ನ ಹೆಸರನ್ನು ತಾನೇ ಹೇಳುತ್ತದೆ. ಅವರು ಹಾಡಿದ ಠುಮ್ರಿ, ದಾದ್ರಾಗಳನ್ನು ಬರೆದವರ ಹೆಸರು ಹೇಳಲು ಆ ತಟ್ಟೆಯಲ್ಲಿ ಯಾರೂ ಇರಲಿಲ್ಲ. ಗ್ರಾಮಫೋನು ನಮ್ಮ ದೇಶಕ್ಕೆ ಬಂದ ಮೊದಲ ದಿನಗಳಿಂದಲೇ ಈ ಅಭ್ಯಾಸ ನಡೆದುಕೊಂಡು ಬಂದಿದೆ.

ಒಂದು ಹಳೇ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ. ಹತ್ತು ಇಂಚು ಅಗಲ. ಅರಗು ಮತ್ತು ಕಲ್ಲಿನ ಪುಡಿ ಸೇರಿಸಿ ಮಾಡಿದ್ದು, ಅದಕ್ಕೇ ಅಷ್ಟು ತೂಕ. ಕೈ ಜಾರಿದರೆ ಚೂರು. ನಡುವೆ ದುಂಡನೆಯ ಕಾಗದ. ನಾಯಿ ಮಾರ್ಕಿನದಾದರೆ ಎಚ್‌ಎಂವಿ, ಇಲ್ಲವಾದರೆ ಕೊಲಂಬಿಯಾ, ಓಡಿಯನ್. ಮೇಲೆ ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿ. ಕೆಳಗೆ ಹಾಡಿನ ಮೊದಲ ಸಾಲು, ಅದನ್ನೂ ಅರ್ಧಕ್ಕೇ ನಿಲ್ಲಿಸಿರುತ್ತಾರೆ. ರಾಗ, ತಾಳ ಇದ್ದರೂ ಇರಬಹುದು. ಹಾಡಿದವರ ಹೆಸರು. ಭಾಷೆ. ಸಿನಿಮಾದ್ದಾದರೆ ಸಿನಿಮಾದ ಹೆಸರು. ಮಾರಾಟದ ಸಂಖ್ಯೆ. ಕಾಗದದ ಅಂಚು ದಾಟಿದರೆ ಗೆರೆಗಳಿಲ್ಲದ ನುಣುಪು ಜಾಗ ಸಿಗುತ್ತದೆ. ಬೆಳಕಿಗೆ ಓರೆ ಹಿಡಿದರೆ ಅಲ್ಲಿ ಕೆತ್ತಿದ ಇನ್ನೊಂದು ಸಂಖ್ಯೆ ಕಾಣಿಸುತ್ತದೆ. ಅದು ಮ್ಯಾಟ್ರಿಕ್ಸ್ ಸಂಖ್ಯೆ. ಮುದ್ರಣವಾದ ಒಂದೊಂದು ಬದಿಗೂ ಒಂದೊಂದು. ಮಾರಾಟದ ಸಂಖ್ಯೆ ಬದಲಾಗಬಹುದು, ಲೇಬಲ್ಲಿನ ಬಣ್ಣ ಬದಲಾಗಬಹುದು, ಈ ಸಂಖ್ಯೆ ಮಾತ್ರ ಆ ಮುದ್ರಣದ್ದೇ. ಹತ್ತಿರ ಹತ್ತಿರದ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿದರೆ ಯಾವ ಹಾಡುಗಳು ಒಟ್ಟಿಗೆ ಮುದ್ರಣವಾದವು ಎಂಬ ಸುಳಿವು ಸಿಗುತ್ತದೆ. ಇಷ್ಟೆಲ್ಲ ವಿವರ ಆ ಸಣ್ಣ ಜಾಗದಲ್ಲಿದೆ. ಹಾಡು ಬರೆದವರಿಗೆ ಮಾತ್ರ ಬಹಳ ಸಲ ಜಾಗ ಸಿಕ್ಕಿಲ್ಲ.

ಯಾಕೆ ಸಿಗಲಿಲ್ಲ ಅಂತ ಯೋಚಿಸಿದರೆ ಕಂಪನಿ ನಾಟಕದ ಪದ್ಧತಿಯೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಆಗ ಹಾಡುಗಳನ್ನು ಹೆಚ್ಚಾಗಿ ಮಟ್ಟಿಗೆ, ಅಂದರೆ ಮೊದಲೇ ಇದ್ದ ಧಾಟಿಗೆ, ಬರೆಯುತ್ತಿದ್ದರು. ಪಾರ್ಸಿ ಕಂಪನಿಯ ಒಂದು ಧಾಟಿ, ಮರಾಠಿ ನಾಟಕದ ಒಂದು ಧಾಟಿ, ತ್ಯಾಗರಾಜರ ಒಂದು ಕೃತಿಯ ಮಟ್ಟು, ಯಾವುದು ಜನರ ಕಿವಿಯಲ್ಲಿ ಕೂತಿದೆಯೋ ಅದನ್ನು ಹಾರ್ಮೋನಿಯಂ ಮೇಷ್ಟ್ರು ಕೊಡುತ್ತಿದ್ದರು. ಅದಕ್ಕೆ ಕನ್ನಡದ ಮಾತು ಕೂರಿಸಬೇಕು. ಹಳೇ ನಾಟಕದ ಪುಸ್ತಕ ತೆರೆದರೆ ಹಾಡಿನ ತಲೆಯ ಮೇಲೆ ರಾಗ, ತಾಳದ ಜೊತೆ 'ಇಂಥ ಹಾಡಿನಂತೆ' ಅಂತ ಇರುತ್ತದೆ. ಧಾಟಿ ಮೊದಲೇ ಇದೆ, ಹಾಡುವವರು ಹೆಸರುವಾಸಿ, ನಡುವೆ ಮಾತು ತುಂಬಿದವರು ಯಾರಾದರೇನು ಎನ್ನುವ ಭಾವನೆ ಬಂದುಬಿಟ್ಟಿತು. ಆದರೆ ಬೇರೆ ಭಾಷೆಯ ಧಾಟಿಗೆ ಕನ್ನಡದ ಪ್ರಾಸ, ಹ್ರಸ್ವ ದೀರ್ಘ ಕೆಡದ ಹಾಗೆ, ಕೊನೇ ಬೆಂಚಿನವರಿಗೂ ಮೈಕಿಲ್ಲದೆ ಕೇಳುವ ಹಾಗೆ, ಕಥೆಯೂ ಮುಂದೆ ಹೋಗುವ ಹಾಗೆ ಬರೆಯುವುದು ಸುಮ್ನೆ ಆಗುವ ಕೆಲಸವಲ್ಲ. ಇವತ್ತು ಟ್ಯೂನಿಗೆ ಬರೆಯುವ ಯಾವ ಗೀತರಚನೆಕಾರರನ್ನಾದರೂ ಕೇಳಿ, ಹೇಳುತ್ತಾರೆ. ಆ ಕಸುಬನ್ನು ಕನ್ನಡದಲ್ಲಿ ಕಟ್ಟಿಕೊಟ್ಟವರು ಬೆಳ್ಳಾವೆಯಂಥವರು.

ತಟ್ಟೆಯ ಅಳತೆಯೂ ಅವರ ಹಾಡಿಗೆ ಕತ್ತರಿ ಹಾಕಿತು. ಒಂದು ಬದಿಗೆ ಹೆಚ್ಚು ಕಡಿಮೆ ಮೂರು ನಿಮಿಷ. ರಂಗದ ಮೇಲೆ ಒನ್ಸ್ ಮೋರ್ ಬಿದ್ದು ಹದಿನೈದು ನಿಮಿಷ ನಡೆಯುತ್ತಿದ್ದ ಹಾಡು ಕೂಡ ಇಲ್ಲಿ ಮೂರು ನಿಮಿಷಕ್ಕೆ ಮುಗಿಯಬೇಕು. ಪಲ್ಲವಿ ಉಳಿಯುತ್ತಿತ್ತು, ಒಂದೆರಡು ಚರಣ ಹಾರಿಹೋಗುತ್ತಿತ್ತು. ಆಮೇಲೆ ಆ ಪ್ಲೇಟು ಕೇಳಿ ಕಲಿತವರು ಅಷ್ಟನ್ನೇ ಹಾಡಿದರು. ಹಾಗಾಗಿ ತಟ್ಟೆಯನ್ನು ಹುಡುಕಿದರೆ ಸಾಲದು. ಪುಸ್ತಕದ ಪಾಠವನ್ನೂ ಪಕ್ಕದಲ್ಲಿಟ್ಟು ಏನು ಉಳಿದಿದೆ, ಏನು ಹೋಗಿದೆ ಅಂತ ಗುರುತು ಮಾಡಬೇಕು. ಆಗ ಮಾತ್ರ ಒಬ್ಬ ಗೀತರಚನೆಕಾರರ ಮುದ್ರಿತ ಕೆಲಸ ಎಷ್ಟು ಅಂತ ಹೇಳಲು ಸಾಧ್ಯ.

ಹೆಸರು ಬಿದ್ದುಹೋಗುವುದು ಬೆಳ್ಳಾವೆಯವರೊಬ್ಬರ ಪಾಡಲ್ಲ. 'ಸ್ವಾಮಿ ದೇವನೆ ಲೋಕಪಾಲನೆ' ಪ್ರಾರ್ಥನೆಯನ್ನೇ ತೆಗೆದುಕೊಳ್ಳಿ. ಸರಕಾರಿ ಶಾಲೆಯಲ್ಲಿ ಸಾಲಾಗಿ ನಿಂತು, ಕಣ್ಣು ಮುಚ್ಚಿ ಇದನ್ನು ಹಾಡಿದವರು ಲಕ್ಷಾಂತರ ಜನ. 1958ರ 'ಸ್ಕೂಲ್ ಮಾಸ್ಟರ್' ಸಿನಿಮಾದಲ್ಲಿ ಟಿ.ಜಿ. ಲಿಂಗಪ್ಪನವರ ಸಂಗೀತದಲ್ಲಿ ಬಂದ ಮೇಲೆ ಅದು ಸಿನಿಮಾ ಹಾಡು ಅಂತಲೇ ಆಯಿತು. ಬರೆದವರು ಸೋಸಲೆ ಅಯ್ಯಾಶಾಸ್ತ್ರಿಗಳು, ಮೈಸೂರು ಅರಮನೆಯ ವಿದ್ವಾಂಸರು. ಆ ಸಿನಿಮಾ ಬರುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಅಂದ ಕೂಡಲೇ ಕಿವಿಯಲ್ಲಿ ಪಿ. ಕಾಳಿಂಗರಾಯರ ಧ್ವನಿ ಕೇಳುತ್ತದೆ. ಗದಗಿನ ವಕೀಲರಾಗಿದ್ದ ಹುಯಿಲಗೋಳ ನಾರಾಯಣರಾಯರು ಅದನ್ನು ಬರೆದಿದ್ದು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅದು ಸ್ವಾಗತ ಗೀತೆಯಾಗಿದ್ದು ಎಷ್ಟು ಜನರಿಗೆ ಥಟ್ಟನೆ ನೆನಪಿಗೆ ಬರುತ್ತದೆ? ಕೈಲಾಸಂ ಅವರ 'ತಿಪ್ಪಾರಳ್ಳಿ' ಹಾಡನ್ನು ನಗುನಗುತ್ತಾ ಹಾಡುತ್ತೇವೆ. ಮೊದಲ ಮಹಾಯುದ್ಧದ ಸಿಪಾಯಿಗಳು ಹಾಡುತ್ತಿದ್ದ ಇಂಗ್ಲಿಷ್ ಟಿಪ್ಪರರಿ ಹಾಡಿನ ಧಾಟಿಯನ್ನು ಅವರು ಹೇಗೆ ಕನ್ನಡದ ಹಳ್ಳಿಗೆ ತಂದು ಕೂರಿಸಿದರು ಅಂತ ನೋಡಿದರೆ ಒಬ್ಬ ದೊಡ್ಡ ಗೀತರಚನೆಕಾರ ಕಾಣಿಸುತ್ತಾರೆ. ಇವರಿಗಾದರೂ ಬೇರೆ ಬೇರೆ ಕಾರಣಕ್ಕೆ ಹೆಸರು ಉಳಿದಿದೆ. ಕಂಪನಿಯ ಕವಿಗಳಿಗೆ, 1940ರ ದಶಕದ ಸಿನಿಮಾಗಳಿಗೆ ಬರೆದವರಿಗೆ ಅದೂ ಇಲ್ಲ.

ಇದರಿಂದ ಏನು ನಷ್ಟ ಅಂತ ಕೇಳಬಹುದು. ನಷ್ಟ ಕನ್ನಡದ್ದೇ. ಆ ಕಾಲದಲ್ಲಿ ಓದು ಬರಹ ಬಲ್ಲವರು ಕಡಿಮೆ. ನವೋದಯದ ಕವಿತೆ ಪುಸ್ತಕದಲ್ಲಿ, ಪತ್ರಿಕೆಯಲ್ಲಿ ಬರುತ್ತಿತ್ತು. ಓದಲು ಬಾರದವರ ಕಿವಿಗೆ ಹೊಸ ಕನ್ನಡ ಬಿದ್ದಿದ್ದು ನಾಟಕದ ಟೆಂಟಿನಲ್ಲಿ, ಜಾತ್ರೆಯಲ್ಲಿ, ಹೋಟೆಲಿನ ಮುಂದೆ ಕೂಗುತ್ತಿದ್ದ ಗ್ರಾಮಫೋನಿನಲ್ಲಿ. ಪುರಾಣದ ಭಾಷೆಯನ್ನು ಆಡುಮಾತಿನ ಹತ್ತಿರಕ್ಕೆ ಎಳೆದು ತಂದವರು ಈ ಬರಹಗಾರರು. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಇವರಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಇವರು ಬರೆದಿದ್ದೆಲ್ಲ ಮಹಾಕಾವ್ಯ ಅಂತ ನಾನು ಹೇಳುತ್ತಿಲ್ಲ. ತೀರಾ ಸಾಧಾರಣ ಹಾಡುಗಳೂ ಇದ್ದೇ ಇರುತ್ತವೆ. ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡಬೇಕಾದರೂ ಮೊದಲು ಅದು ಯಾರದು, ಎಲ್ಲಿದೆ ಅಂತ ಗೊತ್ತಿರಬೇಕು.

ಕಾನೂನಿನ ತೊಡಕು ಇದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಮಾತ್ರ. 1930, 40ರ ದಶಕದ ತಟ್ಟೆಗಳ ಮೇಲೆ ಆ ಹಕ್ಕು ಯಾವತ್ತೋ ಮುಗಿದಿದೆ. ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಬೆಳ್ಳಾವೆಯವರ ಬರಹ 2022ರ ಜನವರಿಯಿಂದ ಎಲ್ಲರಿಗೂ ಸೇರಿದ್ದು. ಅಂದರೆ ಅವರ ಹಾಡುಗಳ ಪಾಠವನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಉಚಿತವಾಗಿ ಕೊಡಲು ಸರಕಾರ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಅದೇ ಕಾಯ್ದೆಯಲ್ಲಿ ನನಗೆ ಬೇಸರ ತರುವ ಒಂದು ಸಂಗತಿಯೂ ಇದೆ. ಅದರ 52ಎ ಕಲಂ, ಧ್ವನಿಮುದ್ರಿಕೆಯ ಮೇಲೆ ಏನೇನು ನಮೂದಿಸಬೇಕು ಅಂತ ಹೇಳುತ್ತದೆ. ಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಮುಗಿಯಿತು. ಹಾಡು ಬರೆದವರ ಹೆಸರು ಹಾಕಲೇಬೇಕು ಅಂತ ಆ ಕಲಂ ಹೇಳುವುದಿಲ್ಲ. ಕೃತಿ ತನ್ನದು ಅಂತ ಹೇಳಿಕೊಳ್ಳುವ ವಿಶೇಷ ಹಕ್ಕನ್ನು 57ನೇ ಕಲಂ ಬರೆದವರಿಗೆ ಕೊಟ್ಟಿದೆ, 2012ರ ತಿದ್ದುಪಡಿ ಗೀತರಚನೆಕಾರರ ರಾಯಲ್ಟಿಯನ್ನು ಗಟ್ಟಿ ಮಾಡಿದೆ. ಒಳ್ಳೆಯದೇ. ಬದುಕಿರುವವರು ಕೇಳಿ ಪಡೆಯಬಹುದು. 1961ರಲ್ಲಿ ಹೋದವರ ಪರವಾಗಿ ಕೇಳುವವರು ಯಾರು? ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ.

ಈ ಕೆಲಸ ಆಗದ ಹೋಗದ ಮಾತೇನೂ ಅಲ್ಲ, ಬೇರೆ ಕಡೆ ಆಗಿದೆ. ಕಾನ್ಪುರದ ಹರಮಂದಿರ್ ಸಿಂಗ್ 'ಹಮ್‌ರಾಜ್' ಅವರು 1931ರಿಂದ ಹಿಡಿದು ಹಿಂದಿ ಸಿನಿಮಾ ಹಾಡುಗಳ ಕೋಶವನ್ನು ದಶಕ ದಶಕವಾಗಿ ಸಂಪುಟಗಳಲ್ಲಿ ತಂದರು. ಪ್ರತಿ ಸಿನಿಮಾದ ಪ್ರತಿ ಹಾಡು, ಹಾಡಿದವರು, ಬರೆದವರು, ರೆಕಾರ್ಡ್ ಸಂಖ್ಯೆ ಎಲ್ಲ ಅದರಲ್ಲಿದೆ. ಒಬ್ಬ ವ್ಯಕ್ತಿಯ ಹಟದಿಂದ ಆದ ಕೆಲಸ ಅದು. ಮುಂಬೈನಲ್ಲಿ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ಹಳೇ ತಟ್ಟೆಗಳ ಬಗ್ಗೆ ವರ್ಷಗಟ್ಟಲೆ ಲೇಖನ, ಪಟ್ಟಿ ಪ್ರಕಟಿಸಿತು. ಆಸ್ಟ್ರೇಲಿಯಾದ ಮೈಕಲ್ ಕಿನ್ನಿಯರ್ ಅವರು ಎಲ್ಲೋ ದೂರದಲ್ಲಿ ಕೂತು ನಮ್ಮ ದೇಶದ ಮೊದಲ ಮುದ್ರಣಗಳ ಪಟ್ಟಿ ಮಾಡಿಕೊಟ್ಟರು. ಅಮೆರಿಕದ ಸಾಂತಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಲ್ಲಿನ ಹಳೇ ರೆಕಾರ್ಡುಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. ನೂರು ವರ್ಷದ ಹಿಂದಿನ ಒಬ್ಬ ಗೀತರಚನೆಕಾರರ ಹೆಸರು ಹಾಕಿದರೆ ಸಾಕು, ಅವರ ಮಾತು ಯಾವ ಯಾವ ತಟ್ಟೆಯಲ್ಲಿ, ಯಾವ ದಿನ, ಯಾರ ಧ್ವನಿಯಲ್ಲಿ ಮುದ್ರಣವಾಯಿತು ಎಂದು ಸಾಲಾಗಿ ತೋರಿಸುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಬೆಳ್ಳಾವೆ ಅಂತ ಟೈಪ್ ಮಾಡಲು ಹಾತೊರೆಯುತ್ತದೆ.

ಕೆಲಸ ಎಲ್ಲಿಂದ ಶುರು ಮಾಡಬೇಕು? ನನ್ನ ಪ್ರಕಾರ ತಟ್ಟೆಗಿಂತ ಮೊದಲು ಕಾಗದದಿಂದ. ತಟ್ಟೆ ಒಡೆಯದಿದ್ದರೆ ಇನ್ನೂ ಐವತ್ತು ವರ್ಷ ಇರುತ್ತದೆ. ಹಾಡಿನ ಪುಸ್ತಕ ಅತಿ ಅಗ್ಗದ ಕಾಗದದಲ್ಲಿ ಅಚ್ಚಾದದ್ದು, ಮಡಚಿದ ಕಡೆ ಪುಡಿಯಾಗುತ್ತದೆ. ಬರೆದವರ ಹೆಸರಿಗೆ ಗಟ್ಟಿ ಸಾಕ್ಷಿ ಅದೇ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಹಾಡಿನ ಪುಸ್ತಕಗಳ ದೊಡ್ಡ ಸಂಗ್ರಹ ಇದೆ. ಅಲ್ಲಿರುವ ಕನ್ನಡದ ಪುಸ್ತಕಗಳ ಪ್ರತಿ ತರಿಸಿಕೊಳ್ಳಲು ಅಕಾಡೆಮಿಯಿಂದ ಒಂದು ಪತ್ರ ಹೋದರೆ ಆಗುವ ಕೆಲಸ. ನಾಟಕ ಕಂಪನಿಗಳ ಕೈಬರಹದ ಪ್ರತಿಗಳು, ಕರಪತ್ರಗಳು ಹಳೇ ಕಲಾವಿದರ ಮನೆಯ ಟ್ರಂಕುಗಳಲ್ಲಿ ಇರುತ್ತವೆ. ರೆಕಾರ್ಡ್ ಕಂಪನಿಗಳು ತಿಂಗಳು ತಿಂಗಳು ಹೊರಡಿಸುತ್ತಿದ್ದ ಕ್ಯಾಟಲಾಗುಗಳಲ್ಲಿ ಹಾಡಿನ ಪಾಠ ಕೂಡ ಅಚ್ಚಾಗಿರುವುದುಂಟು. ಅವು ಸಿಕ್ಕರೆ ಅರ್ಧ ಕೆಲಸ ಆದಂತೆಯೇ.

ತಟ್ಟೆಗಳಿಗೆ ಬಂದರೆ ಮೈಸೂರು, ಧಾರವಾಡ, ಬೆಂಗಳೂರಿನ ಆಕಾಶವಾಣಿ ನಿಲಯಗಳ ಜೊತೆ ಮಾತಾಡಿ. ಆಕಾಶವಾಣಿ ಎನ್ನುವ ಹೆಸರೇ 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ ಶುರುವಾದ ರೇಡಿಯೋದ್ದು. ಆಮೇಲೆ ಖಾಸಗಿ ಸಂಗ್ರಾಹಕರು. ಬಹಳ ಜನ ಪ್ರೀತಿಯಿಂದ ಕೂಡಿಟ್ಟವರು, ಕೇಳಿದರೆ ಖಂಡಿತ ತೋರಿಸುತ್ತಾರೆ. ಆದರೆ ತಟ್ಟೆ ಕಿತ್ತುಕೊಂಡು ಹೋಗುವ ಮಾತಾಡಬಾರದು. ಅವರ ಮನೆಯಲ್ಲೇ ಎರಡೂ ಬದಿಯ ಲೇಬಲ್ಲಿನ ಫೋಟೋ ತೆಗೆದು, ಸಂಖ್ಯೆಗಳನ್ನು ಬರೆದುಕೊಂಡು, ತಿಳಿದವರ ಕೈಯಲ್ಲಿ ಡಿಜಿಟಲ್ ಮಾಡಿಸಿ, ತಟ್ಟೆಯನ್ನು ಅಲ್ಲೇ ಬಿಟ್ಟು ಬರಬೇಕು. ಹಳೇ ಉಕ್ಕಿನ ಮುಳ್ಳು ಹಾಕಿ ನುಡಿಸಿ ತೋರಿಸುವುದಂತೂ ಬೇಡವೇ ಬೇಡ. ಒಂದೊಂದು ಸಲ ನುಡಿಸಿದಾಗಲೂ ಅದು ಗೆರೆಯನ್ನು ತಿನ್ನುತ್ತದೆ.

ಪಟ್ಟಿ ಮಾಡುವವರಿಗೆ ಒಂದು ಕಟ್ಟುನಿಟ್ಟಿನ ನಿಯಮ ಇರಲಿ. ಬರೆದವರ ಹೆಸರಿನ ಪಕ್ಕದಲ್ಲೇ ಅದು ಎಲ್ಲಿಂದ ಸಿಕ್ಕಿತು ಅಂತ ಬರೆಯಬೇಕು. ಲೇಬಲ್ಲಿನಿಂದಲೋ, ಹಾಡಿನ ಪುಸ್ತಕದಿಂದಲೋ, ಕ್ಯಾಟಲಾಗಿನಿಂದಲೋ, ಹಿರಿಯರ ನೆನಪಿನಿಂದಲೋ. ಸಾಕ್ಷಿ ಇಲ್ಲದಿದ್ದರೆ ಕಾಲಂ ಖಾಲಿ ಬಿಡಿ. ಅಂದಾಜಿಗೆ ಒಬ್ಬ ದೊಡ್ಡವರ ಹೆಸರು ತುಂಬಿಬಿಡುವುದು ಖಾಲಿ ಬಿಡುವುದಕ್ಕಿಂತ ಕೆಟ್ಟದ್ದು. ಒಂದು ಸಲ ತಪ್ಪು ಹೆಸರು ಅಚ್ಚಾದರೆ ಅದನ್ನು ನೋಡಿ ಹತ್ತು ಕಡೆ ಬರೆಯುತ್ತಾರೆ, ಆಮೇಲೆ ನಿಜವಾಗಿ ಬರೆದವರಿಗೆ ದಾರಿಯೇ ಇರುವುದಿಲ್ಲ. ಕಂಪನಿ ನಾಟಕಗಳಲ್ಲಿ ಒಂದು ನಾಟಕದ ಹಾಡನ್ನು ಇನ್ನೊಂದರಲ್ಲಿ ಸೇರಿಸಿ ಹಾಡುವುದು ಮಾಮೂಲಾಗಿತ್ತು. ಹಾಗಾಗಿ ನಾಟಕದ ಕರ್ತೃವೇ ಅದರ ಎಲ್ಲ ಹಾಡುಗಳ ಕರ್ತೃ ಅಂತ ತಿಳಿಯಬಾರದು. ಬೆಳ್ಳಾವೆಯವರ ವಿಷಯದಲ್ಲೂ ಇದೇ ಎಚ್ಚರ ಇರಬೇಕು. ಅವರದಲ್ಲದ್ದನ್ನು ಅವರಿಗೆ ಕಟ್ಟಿದರೆ ಇನ್ನೊಬ್ಬರಿಗೆ ಅನ್ಯಾಯ ಮಾಡಿದಂತೆ.

ಹಾಡಿದವರ ಹೆಸರಿನಲ್ಲೂ ಹುಷಾರಾಗಿರಬೇಕು. ಗಂಗೂಬಾಯಿ ಹಾನಗಲ್ಲರ ಮೊದಲ ಕಾಲದ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಅಷ್ಟು ದೊಡ್ಡ ಗಾಯಕಿಯ ಹೆಸರೇ ಲೇಬಲ್ಲಿನಲ್ಲಿ ಬೇರೆಯಾಗಿದ್ದರೆ, ಸಣ್ಣಪುಟ್ಟ ಕಲಾವಿದರ ವಿಷಯದಲ್ಲಿ ಎಷ್ಟು ಗೋಜಲು ಇರಬಹುದು ಅಂತ ನೀವೇ ಯೋಚಿಸಿ. ಅವರ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈ ಪಟ್ಟಿ ಹಳೇ ಮೈಸೂರಿಗೆ ಮಾತ್ರ ನಿಲ್ಲಬಾರದು. ಗದಗಿನ ಗರೂಡ ಸದಾಶಿವರಾಯರ ಕಂಪನಿ, ಬೀಳಗಿಯಿಂದ ಮುಂಬೈಗೆ ಹೋಗಿ ಹೆಸರು ಮಾಡಿದ ಅಮೀರ್‌ಬಾಯಿ ಕರ್ನಾಟಕಿ, ವಚನಗಳನ್ನು ಹಾಡಿದ ಮಲ್ಲಿಕಾರ್ಜುನ ಮನ್ಸೂರರು, ಇವರ ಸುತ್ತಲಿನ ಹಾಡಿನ ಲೋಕ ಬೇರೆಯದೇ. ಆ ಕಡೆಯ ಸಂಬಂಧ ಮದ್ರಾಸಿಗಿಂತ ಮುಂಬೈ ಜೊತೆ ಜಾಸ್ತಿ. ಧಾರವಾಡ, ಹುಬ್ಬಳ್ಳಿಯಲ್ಲಿ ಈ ಕೆಲಸಕ್ಕೆ ಅಲ್ಲಿಯವರನ್ನೇ ಹಚ್ಚಬೇಕು. ಬೆಂಗಳೂರಿನಿಂದ ಒಬ್ಬರನ್ನು ಎರಡು ದಿನಕ್ಕೆ ಕಳಿಸಿದರೆ ಆಗುವುದಿಲ್ಲ.

ರಂಗಗೀತೆಗಳನ್ನು ಕಂಠದಲ್ಲಿ ಉಳಿಸಿಕೊಂಡವರನ್ನೂ ಮರೆಯಬೇಡಿ. ಆರ್. ಪರಮಶಿವನ್ ಅವರಂಥವರು ಬಾಲನಟರಾಗಿ ಕಲಿತ ಹಾಡುಗಳನ್ನು ಮುಪ್ಪಿನವರೆಗೂ ಹಾಡಿ, ಬೇರೆಯವರಿಗೂ ಕಲಿಸಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ಬಾಯಲ್ಲಿ ಆ ಹಾಡುಗಳನ್ನು ಕೇಳಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಇಂಥವರ ಹತ್ತಿರ ಕೂತು, ಈ ಹಾಡು ಯಾವ ನಾಟಕದ್ದು, ಯಾರು ಬರೆದದ್ದು, ಯಾವ ಮಟ್ಟು ಅಂತ ಒಂದೊಂದಾಗಿ ಕೇಳಿ ಬರೆದುಕೊಳ್ಳುವುದು ಈ ಯೋಜನೆಯ ಭಾಗವೇ ಆಗಬೇಕು. ಕಂಪನಿ ನಾಟಕದ ಕೊನೇ ತಲೆಮಾರಿನಲ್ಲಿ ಈಗ ಉಳಿದಿರುವವರು ಕೆಲವೇ ಜನ. ಪಟ್ಟಿ ಈಗಲೇ ಶುರುವಾಗಬೇಕು ಎನ್ನಲು ಇದೇ ನನ್ನ ದೊಡ್ಡ ಕಾರಣ. ಕಾಗದ, ತಟ್ಟೆ ಇನ್ನೊಂದು ವರ್ಷ ಕಾದಾವು.

ಹಾಡಿನ ಆ್ಯಪ್ ನಡೆಸುವವರಿಗೂ, ಹಳೇ ಹಾಡುಗಳ ಹಕ್ಕು ಇಟ್ಟುಕೊಂಡಿರುವ ಕಂಪನಿಗಳಿಗೂ ಒಂದು ಮಾತು. ನಿಮ್ಮಲ್ಲಿ ಹಳೇ ಕನ್ನಡ ಹಾಡು ಹಾಕಿದರೆ ಗಾಯಕರ ಹೆಸರು ಬರುತ್ತದೆ, ಎಷ್ಟೋ ಸಲ ನಾಯಕ ನಟನ ಫೋಟೋ ಬರುತ್ತದೆ. ಸಾಹಿತ್ಯ ಎನ್ನುವ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರನ್ನೇ ಇನ್ನೊಂದು ಸಲ ಹಾಕಿರುವುದೂ ಉಂಟು. ಇದನ್ನು ಸರಿಪಡಿಸಲು ಹೊಸ ತಂತ್ರಜ್ಞಾನ ಬೇಕಿಲ್ಲ, ಸರಿಯಾದ ಮಾಹಿತಿ ಬೇಕು. ಅಕಾಡೆಮಿ ಪಟ್ಟಿ ಮಾಡಿದ ಮೇಲೆ ಅದನ್ನು ನಿಮಗೆ ಉಚಿತವಾಗಿ ಕೊಡಲಿ, ನೀವು ಹಾಗೇ ಹಾಕಿ. ನಿಮ್ಮ ಹಳೇ ಕಡತಗಳಲ್ಲಿರುವ ಧ್ವನಿಮುದ್ರಣದ ದಾಖಲೆಗಳನ್ನು ಅಕಾಡೆಮಿಗೆ ತೋರಿಸಿ.

ಮನೆಯಲ್ಲಿ ಪ್ಲೇಟು, ಹಾಡಿನ ಪುಸ್ತಕ, ಅಜ್ಜ ಅಜ್ಜಿಯ ಕೈಬರಹದ ಹಾಡಿನ ನೋಟುಬುಕ್ಕು ಇರುವವರಲ್ಲಿ ನನ್ನ ಕೋರಿಕೆ ಸಣ್ಣದು. ಗುಜರಿಗೆ ಹಾಕುವ ಮುಂಚೆ ಒಂದು ಫೋಟೋ ತೆಗೆದಿಡಿ. ಪ್ಲೇಟನ್ನು ಅಡ್ಡಡ್ಡ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕ ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿ. ಒರೆಸಲು ಸ್ಪಿರಿಟ್ ಬಳಸಬೇಡಿ, ಅರಗು ಕರಗುತ್ತದೆ. ನೋಟುಬುಕ್ಕಿನಲ್ಲಿ ಹಾಡಿನ ಪಕ್ಕ ಯಾರದಾದರೂ ಹೆಸರಿದ್ದರೆ ಆ ಹಾಳೆಯನ್ನು ಜೋಪಾನ ಮಾಡಿ. ಅದೊಂದು ಹೆಸರೇ ಈ ಪಟ್ಟಿಯ ಒಂದು ಖಾಲಿ ಜಾಗ ತುಂಬಬಹುದು.

ಅಕಾಡೆಮಿಯವರೇ, ಇಲಾಖೆಯವರೇ, ದೊಡ್ಡ ಸಮಾರಂಭ, ಪ್ರಶಸ್ತಿ, ಪ್ರತಿಮೆ ನಾನು ಕೇಳುತ್ತಿಲ್ಲ. ಗ್ರಂಥಾಲಯದ ಕೆಲಸ ಬಲ್ಲ ಕೆಲವರು, ಸಂಗೀತ ತಿಳಿದ ಕೆಲವರು, ಒಂದು ಒಳ್ಳೆ ಸ್ಕ್ಯಾನರು, ತಟ್ಟೆ ನುಡಿಸುವ ಸರಿಯಾದ ಯಂತ್ರ, ಓಡಾಟದ ಖರ್ಚು, ಇಷ್ಟು ಕೊಡಿ. ಪಟ್ಟಿ ಪೂರ್ತಿ ಆಗುವ ತನಕ ಬಚ್ಚಿಡಬೇಡಿ. ಹತ್ತು ತಟ್ಟೆಯ ವಿವರ ಸಿಕ್ಕರೂ ಜನರ ಮುಂದೆ ಇಡಿ, ತಪ್ಪಿದ್ದರೆ ತಿದ್ದುವವರು ಮುಂದೆ ಬರುತ್ತಾರೆ. ಮೊದಲ ಹಂತಕ್ಕೆ 1934ರಿಂದ 1947ರವರೆಗಿನ ಸಿನಿಮಾಗಳು ಮತ್ತು ಗುಬ್ಬಿ ಕಂಪನಿಯ ನಾಟಕಗಳನ್ನು ತೆಗೆದುಕೊಂಡರೆ ಕೈಗೆ ಎಟುಕುವ ಗುರಿ ಆಗುತ್ತದೆ. ಈ ವಿಷಯದಲ್ಲಿ ನೀವು ಏನು ಮಾಡಲಿದ್ದೀರಿ, ಯಾವಾಗ ಶುರು ಮಾಡುತ್ತೀರಿ ಎನ್ನುವುದನ್ನು ಎಲ್ಲರಿಗೂ ತಿಳಿಯುವ ಹಾಗೆ ಪ್ರಕಟಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ಪ್ಲೇಟಿನ ಲೇಬಲ್ ಓದಿ ಬರೆದುಕೊಳ್ಳುವ, ಹಾಡಿನ ಪಾಠ ಟೈಪ್ ಮಾಡುವ ಕೆಲಸಕ್ಕೆ ಜನ ಬೇಕಾದರೆ ನಾನು ಬರುತ್ತೇನೆ, ನನ್ನಂಥ ಇನ್ನೂ ಹಲವರು ಬರುತ್ತಾರೆ.

ಇಂತಿ,
ಹಳೇ ಕನ್ನಡ ಹಾಡುಗಳನ್ನು ಪ್ರೀತಿಸುವ ಒಬ್ಬ ಕೇಳುಗ